ಪದ್ಮಿನಿಯ ಗ್ಲಾಸ್ ಅರ್ಧಕ್ಕೇ ನಿಲ್ಲುತ್ತಿದ್ದರೆ

ನಮಸ್ಕಾರ. ನಿಮ್ಮ ಹಳೇ ಪದ್ಮಿನಿ ಕಾರಿನ ಎಡಬಾಗಿಲಿನ ಗ್ಲಾಸ್ ಅರ್ಧಕ್ಕೇ ನಿಲ್ಲುತ್ತದೆ, ಗ್ಲಾಸ್ ಏರಿಸಿ ಇಳಿಸುವ ವಿಂಡೋ ಮಷಿನ್ ಎಲ್ಲಿ ಸಿಗುತ್ತದೆ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಮಷಿನ್ ಕೊಳ್ಳಬೇಡಿ. ಮೊದಲು ಬಾಗಿಲಿನ ಒಳಗಿನ ಪ್ಯಾಡ್ ಬಿಚ್ಚಿ, ಗ್ಲಾಸ್ ಓಡುವ ಚಾನೆಲ್ ನೋಡಿ. ನಮ್ಮ ಕಾಸರಗೋಡಿನ ಮಳೆಗೆ ಅದರೊಳಗಿನ ಮೆತ್ತನೆ ಬಟ್ಟೆಯಂಥ ಪಟ್ಟಿ, ಅಂದರೆ ಫೆಲ್ಟ್, ಉಬ್ಬಿ ಗ್ಲಾಸನ್ನು ಹಿಡಿದುಬಿಡುತ್ತದೆ. ಬದಿಯಡ್ಕದಲ್ಲಿ ನನ್ನ ಗಾಡಿಗೂ ಹೀಗೇ ಆಗಿತ್ತು. ಚಾನೆಲ್ ಬದಲಾಯಿಸಿದೆ, ಸರಿಹೋಯಿತು.

ಮಷಿನಿನ ಹಲ್ಲೇ ಸವೆದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ, ಚೆನ್ನೈನ ಪುದುಪೇಟೆಯಲ್ಲಿ ಹುಡುಕಿ. ಫಿಯೆಟ್ 1100 ಡಿಲೈಟ್‌ನದ್ದು ಇದೆಯಾ ಅಂತಲೂ ಕೇಳಿ. ಅದೇ ಗಾಡಿ ಆಮೇಲೆ ಪದ್ಮಿನಿ ಆದದ್ದು ಅಲ್ವಾ. ಹಳೇ ಮಷಿನ್ ಕೈಯಲ್ಲೇ ಒಯ್ಯಿರಿ, ಎಡ ಬಲ ಬೇರೆ ಬೇರೆ. ಬಾಗಿಲು ಮುಚ್ಚುವ ಮೊದಲು ಕೆಳಗೆ ನೀರು ಹೋಗುವ ತೂತುಗಳನ್ನು ಕಡ್ಡಿ ಹಾಕಿ ಬಿಡಿಸಿ.