ಅತ್ತಿಗೆಯ ದುಡಿಮೆ ಯಾರ ಲೆಕ್ಕದಲ್ಲಿದೆ?

ತರೀಕೆರೆ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಡಿಮೆನ್ಷಿಯಾ ಅಂದರೆ ಮರೆವಿನ ಕಾಯಿಲೆಗೆ ಸರ್ಕಾರ ಈಗಿನಿಂದಲೇ ತಯಾರಾಗಬೇಕು ಎಂದು ಕಳೆದ ಸಂಚಿಕೆಯಲ್ಲಿ ನಾವು ಬರೆದದ್ದು ಅವರಿಗೆ ಒಪ್ಪಿಗೆಯಾಗಿಲ್ಲ. ಅವರ ಮಾತು ಇಷ್ಟು: "ನಮ್ಮ ಕಾಲದಲ್ಲಿ ಇದಕ್ಕೆ ಅರಳು ಮರಳು ಅಂತಿದ್ದೆವು, ಮನೆಯವರೇ ನೋಡಿಕೊಳ್ಳುತ್ತಿದ್ದರು. ನಮ್ಮ ಅಣ್ಣನಿಗೂ ಈಗ ಮರೆವು. ಅತ್ತಿಗೆ ಒಂದು ಮಾತೂ ಆಡದೆ ನೋಡಿಕೊಳ್ಳುತ್ತಿದ್ದಾರೆ. ಹಿರಿಯರನ್ನು ಬೆಳಗ್ಗೆ ಎಲ್ಲೋ ಬಿಟ್ಟು ಸಂಜೆ ಕರೆತರುವುದು ಪಾಶ್ಚಾತ್ಯರ ಪದ್ಧತಿ. ಸರ್ಕಾರ ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟರೆ ಸಾಕು."

ಮೇಷ್ಟ್ರಿಗೆ ನಮಸ್ಕಾರ.

'ಅತ್ತಿಗೆ ಒಂದು ಮಾತೂ ಆಡದೆ' ಎಂಬಲ್ಲಿಗೆ ಬಂದಾಗ ನಾನು ಮುಂದೆ ಓದದೆ ನಿಂತುಬಿಟ್ಟೆ. ಅವರಿಗೆ ವಯಸ್ಸೆಷ್ಟು? ರಾತ್ರಿ ನಿದ್ದೆ ಮಾಡುತ್ತಾರಾ? ಅವರ ಬಿಪಿ ಯಾರು ನೋಡುತ್ತಾರೆ? ನಿಮ್ಮ ಪತ್ರದಲ್ಲಿ ಅದಿಲ್ಲ. ಅದಕ್ಕಾಗಿ ನಿಮ್ಮನ್ನು ದೂರುವುದಿಲ್ಲ, ಸರ್ಕಾರದ ಕಡತಗಳಲ್ಲೂ ಅದಿಲ್ಲ. ನನ್ನ ತಕರಾರು ಇರುವುದೇ ಅಲ್ಲಿ.

ಹಿಂದೆ ಮನೆಯವರೇ ನೋಡಿಕೊಳ್ಳುತ್ತಿದ್ದರು ಅಂದಿರಿ, ನಿಜ. ಆದರೆ ಹಿಂದೆ ಎಂಬತ್ತು ದಾಟುತ್ತಿದ್ದವರು ಎಷ್ಟು ಜನ? ಸ್ವಾತಂತ್ರ್ಯ ಬಂದ ಹೊತ್ತಿಗೆ ನಮ್ಮ ದೇಶದ ಸರಾಸರಿ ಆಯಸ್ಸು ಸುಮಾರು 32 ವರ್ಷ. ಈಗ 70ರ ಆಸುಪಾಸು. ಇದು ವಯಸ್ಸು ಏರಿದಷ್ಟೂ ಜಾಸ್ತಿಯಾಗುವ ಕಾಯಿಲೆ. 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರ ಪ್ರಕಾರ ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. 2036ರ ಹೊತ್ತಿಗೆ ಈ ಸಂಖ್ಯೆ ಹೆಚ್ಚುಕಡಿಮೆ ಎರಡರಷ್ಟಾಗಬಹುದು ಎಂದು ಅದೇ ಅಧ್ಯಯನ ಅಂದಾಜು ಮಾಡಿದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಆಗಿನ ಮನೆಯಲ್ಲಿ ಅಜ್ಜಿಯ ಮೇಲೆ ಕಣ್ಣಿಡಲು ಆರೇಳು ಜನ ಇರುತ್ತಿದ್ದರು. ಈಗ ಮಗ ಬೆಂಗಳೂರಿನಲ್ಲಿ, ಮಗಳು ಪುಣೆಯಲ್ಲಿ. ಮನೆಯಲ್ಲಿ ಉಳಿದಿರುವವರು ನಿಮ್ಮ ಅಣ್ಣ, ಅತ್ತಿಗೆ ಇಬ್ಬರೇ ಅಲ್ವಾ?

ಹಾಸನದ ಹತ್ತಿರ ಒಂದು ಮನೆ ನನಗೆ ಗೊತ್ತು. ಅತ್ತೆಗೆ ಕಾಯಿಲೆ, ನೋಡಿಕೊಳ್ಳುವವಳು ಸೊಸೆ. ಮುಂಬಾಗಿಲಿಗೆ ಮಾಮೂಲಿ ಚಿಲಕದ ಜೊತೆಗೆ ತೀರಾ ಮೇಲೆ, ಅತ್ತೆಯ ಕೈಗೆ ಎಟುಕದಂತೆ, ಇನ್ನೊಂದು ಚಿಲಕ ಹಾಕಿಸಿದ್ದಾರೆ. ಪ್ರತಿ ಸಲ ಅಡುಗೆ ಮುಗಿದ ಮೇಲೆ ಗ್ಯಾಸಿನ ರೆಗ್ಯುಲೇಟರ್ ಬಿಚ್ಚಿ ಬೀರುವಿನೊಳಗೆ ಇಡುತ್ತಾರೆ. ದೀಪ ಹಚ್ಚುವ ಹೊತ್ತಾದರೆ ಸಾಕು, ಅತ್ತೆ ಸೀರೆಯ ಗಂಟು ಕಟ್ಟಿಕೊಂಡು "ನಮ್ಮನೆಗೆ ಹೋಗ್ತೀನಿ, ಕತ್ತಲಾಯ್ತು" ಎಂದು ಹೊರಡುತ್ತಾರೆ, ಅದೂ ತಾನು ಐವತ್ತು ವರ್ಷ ಬಾಳಿದ ಮನೆಯಿಂದ. ಊಟ ಮಾಡಿ ಕೈ ತೊಳೆದು ಜಗಲಿಗೆ ಬಂದು, ಪಕ್ಕದ ಮನೆಯವರನ್ನು ಕರೆದು "ಬೆಳಗ್ಗೆಯಿಂದ ನನಗೊಂದು ತುತ್ತು ಹಾಕಿಲ್ಲ" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಉಂಡದ್ದು ನೆನಪಿಲ್ಲ ಅಷ್ಟೆ. ಆದರೆ ಬೀದಿಯವರ ಕಣ್ಣಿನಲ್ಲಿ ಸೊಸೆ ಏನಾಗುತ್ತಾಳೆ, ಯೋಚಿಸಿ. ಅವಳು ಅಂಗನವಾಡಿ ಕೆಲಸ ಬಿಟ್ಟಿದ್ದಾಳೆ. ಮದುವೆ, ಮುಂಜಿ ಯಾವುದಕ್ಕೂ ಹೋಗುವುದಿಲ್ಲ. ಅವಳೂ ಮಾತಾಡುವುದಿಲ್ಲ, ನಿಮ್ಮ ಅತ್ತಿಗೆಯ ಹಾಗೆಯೇ.

ಮಾತ್ರೆ ಕೊಟ್ಟರೆ ಸಾಕು ಅಂದಿರಿ. ಡೊನೆಪೆಝಿಲ್‌ನಂಥ ಮಾತ್ರೆಗಳಿಂದ ಕೆಲವರಿಗೆ ಸ್ವಲ್ಪ ಕಾಲ ಸ್ವಲ್ಪ ಅನುಕೂಲವಾಗುತ್ತದೆ. ಕಾಯಿಲೆ ವಾಸಿಯಾಗುವುದಿಲ್ಲ. ಇಲ್ಲಿ ಚಿಕಿತ್ಸೆ ಅಂದರೆ ಬಹುಪಾಲು ಆರೈಕೆಯೇ. ಅದು ನಡೆಯುವುದು ಆಸ್ಪತ್ರೆಯಲ್ಲಲ್ಲ, ಮನೆಯಲ್ಲಿ, ವರ್ಷಗಟ್ಟಲೆ. 70 ದಾಟಿದವರಿಗೆಲ್ಲ 5 ಲಕ್ಷ ರೂಪಾಯಿವರೆಗಿನ ವಿಮೆಯನ್ನು ಕೇಂದ್ರ ಸರ್ಕಾರ 2024ರಲ್ಲಿ ತಂದಿತು. ಒಳ್ಳೆಯದೇ. ಆದರೆ ಅದು ಆಸ್ಪತ್ರೆಗೆ ದಾಖಲಾದರೆ ಸಿಗುವ ಹಣ. ದೊಡ್ಡವರ ಡೈಪರಿಗೆ, ರಾತ್ರಿ ಕಾಯಲು ಬರುವ ಹೆಂಗಸಿನ ಸಂಬಳಕ್ಕೆ ಅದರಲ್ಲಿ ಜಾಗವಿಲ್ಲ.

ಪಾಶ್ಚಾತ್ಯರ ಪದ್ಧತಿ ಎಂಬ ಮಾತಿಗೆ ಬರುತ್ತೇನೆ. ನೀವು ಜಪಾನಿನ ಕಡೆ ನೋಡಬೇಕು. ಅಲ್ಲಿಯೂ ತಂದೆ ತಾಯಿಯನ್ನು ನೋಡಿಕೊಳ್ಳುವುದು ಹಿರಿಮಗನ ಹೊಣೆ ಎಂದೇ ಇತ್ತು. ಅಂದರೆ ಲೆಕ್ಕದಲ್ಲಿ ಮಗನ ಹೊಣೆ, ಕೈಯಲ್ಲಿ ಸೊಸೆಯ ಕೆಲಸ, ಥೇಟ್ ನಮ್ಮ ಹಾಗೆ. ಮುದುಕರ ಸಂಖ್ಯೆ ಏರುತ್ತಾ ಹೋದಂತೆ ಆ ಹೆಂಗಸರು ಸೋತುಹೋದರು. ಇದು ಮನೆಯೊಳಗಿನ ನರಕ ಎಂದು ಅಲ್ಲಿನ ಮಹಿಳೆಯರು ಬಹಿರಂಗವಾಗಿ ಹೇಳತೊಡಗಿದರು. 2000ದಲ್ಲಿ ಸರ್ಕಾರ ಆರೈಕೆಗೆಂದೇ ಪ್ರತ್ಯೇಕ ವಿಮೆ ತಂದಿತು. 40 ದಾಟಿದವರೆಲ್ಲ ಅದಕ್ಕೆ ಕಂತು ಕಟ್ಟುತ್ತಾರೆ, ಇನ್ನುಳಿದ ಅರ್ಧ ತೆರಿಗೆ ಹಣದಿಂದ. ಹಾಗಾಗಿ ಬೆಳಗ್ಗೆ ವ್ಯಾನ್ ಬಂದು ಅಜ್ಜನನ್ನು ಹಗಲು ಕೇಂದ್ರಕ್ಕೆ ಕರೆದೊಯ್ಯುತ್ತದೆ. ಅಲ್ಲಿ ಸ್ನಾನ, ಊಟ, ಹಾಡು, ಒಂದಿಷ್ಟು ಮಾತು. ಸಂಜೆ ಮನೆಗೆ ತಂದು ಬಿಡುತ್ತದೆ. ಮನೆಯವರು ಖರ್ಚಿನ ಸಣ್ಣ ಪಾಲು ಕೊಡುತ್ತಾರೆ. 2005ರಿಂದ ಬ್ಯಾಂಕಿನವರಿಗೆ, ಅಂಗಡಿಯವರಿಗೆ, ಶಾಲೆ ಮಕ್ಕಳಿಗೆ ಒಂದೂವರೆ ಗಂಟೆಯ ತರಬೇತಿ ಕೊಟ್ಟು, ದಾರಿ ತಪ್ಪಿದ ಹಿರಿಯರ ಜೊತೆ ಹೇಗೆ ಮಾತಾಡಬೇಕು ಎಂದು ಕಲಿಸುತ್ತಿದ್ದಾರೆ. ಒಂದು ಕೋಟಿಗೂ ಮೀರಿ ಜನ ಕಲಿತಿದ್ದಾರೆ. 2023ರಲ್ಲಿ ಡಿಮೆನ್ಷಿಯಾಕ್ಕಾಗಿಯೇ ಕಾನೂನು ಮಾಡಿದರು. ಇಷ್ಟೆಲ್ಲ ಆದ ಮೇಲೂ ಜಪಾನೀಯರು ತಂದೆ ತಾಯಿಯನ್ನು ಬಿಟ್ಟರು ಎಂದು ಯಾರೂ ಹೇಳಲಾರರು. ಮನೆಯಲ್ಲೇ ಇಟ್ಟುಕೊಳ್ಳಲು ಅವರಿಗೆ ಶಕ್ತಿ ಸಿಕ್ಕಿತು.

ಅಷ್ಟು ದೂರ ಯಾಕೆ, ಪಕ್ಕದ ಕೇರಳ ಸರ್ಕಾರ 2014ರಲ್ಲೇ ಡಿಮೆನ್ಷಿಯಾಕ್ಕೆ ಯೋಜನೆ ಶುರುಮಾಡಿ ಹಗಲು ಕೇಂದ್ರಕ್ಕೆ ಹಣ ಇಟ್ಟಿತು.

ನಮ್ಮ ರಾಜ್ಯ ಸುಮ್ನೆ ಕೂತಿದೆ ಎಂದು ನಾನು ಹೇಳುವುದಿಲ್ಲ. 2022ರಲ್ಲಿ ನಿಮ್ಹಾನ್ಸ್ ಜೊತೆ ಸೇರಿ ಮಿದುಳು ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಮೊದಲು ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನ ಜಯನಗರ ಆಸ್ಪತ್ರೆಯಲ್ಲಿ, ಆಮೇಲೆ ಬೇರೆ ಜಿಲ್ಲೆಗಳಿಗೂ. ಪಾರ್ಶ್ವವಾಯು, ಮೂರ್ಛೆರೋಗ, ತಲೆನೋವು, ಡಿಮೆನ್ಷಿಯಾ ಎಲ್ಲವನ್ನೂ ಅಲ್ಲಿ ನೋಡುತ್ತಾರೆ. ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದವರು 45 ದಾಟಿದ ಸಾವಿರಾರು ಜನರನ್ನು ವರ್ಷಗಳಿಂದ ಹಿಂಬಾಲಿಸಿ, ವಯಸ್ಸಾದಂತೆ ಮಿದುಳು ಹೇಗೆ ಬದಲಾಗುತ್ತದೆ ಎಂದು ನೋಡುತ್ತಿದ್ದಾರೆ. ಕನ್ನಡದಲ್ಲೇ ಮಾಡುವ ನೆನಪಿನ ಪರೀಕ್ಷೆಗಳೂ ತಯಾರಾಗಿವೆ. ಕಾಯಿಲೆ ಕಂಡುಹಿಡಿಯುವ ದಾರಿ ಹೀಗೆ ತೆರೆಯುತ್ತಿದೆ.

ಆದರೆ ಕಂಡುಹಿಡಿದ ಮೇಲೆ? ಚೀಟಿ ಹಿಡಿದು ಮನೆಗೆ ಬಂದವರಿಗೆ ತಾಲ್ಲೂಕಿನಲ್ಲಿ ಏನಿದೆ? ದೇಶಕ್ಕೇ ಇನ್ನೂ ಪ್ರತ್ಯೇಕ ಡಿಮೆನ್ಷಿಯಾ ಯೋಜನೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಎಲ್ಲ ದೇಶಗಳ ಮುಂದೆ ಇದಕ್ಕಾಗಿ ಕಾರ್ಯಯೋಜನೆ ಇಟ್ಟು 2025ರ ಗಡುವು ಕೊಟ್ಟಿತ್ತು. ಬಹಳಷ್ಟು ದೇಶಗಳು ಮುಟ್ಟಲಿಲ್ಲ, ಗಡುವು 2031ಕ್ಕೆ ಹೋಯಿತು. ನನ್ನ ಪ್ರಕಾರ ಯಾವ ಯೋಜನೆಯನ್ನೇ ಮಾಡಲಿ, ಅದನ್ನು ಅಳೆಯಲು ಒಂದೇ ಪ್ರಶ್ನೆ ಸಾಕು: ನೋಡಿಕೊಳ್ಳುವ ಹೆಂಗಸಿಗೆ ವಾರಕ್ಕೆ ಎಷ್ಟು ಗಂಟೆ ಬಿಡುವು ಸಿಗುತ್ತದೆ? ತಾಲ್ಲೂಕಿಗೊಂದು ಹಗಲು ಕೇಂದ್ರ, ಕರೆದೊಯ್ಯಲು ವಾಹನ, ತಿಂಗಳಿಗೊಮ್ಮೆ ಮನೆಗೆ ಬರುವ ತರಬೇತಾದ ನರ್ಸ್, ಆರೈಕೆಗಾಗಿ ಕೆಲಸ ಬಿಟ್ಟವರಿಗೆ ಮಾಸಾಶನ. ಆಶಾ ಕಾರ್ಯಕರ್ತೆಯರ ತಲೆಯ ಮೇಲೆಯೇ ಇದನ್ನೂ ಹೊರಿಸುವುದು ಬೇಡ. ಅವರ ಮೇಲೆ ಈಗಾಗಲೇ ಜಾಸ್ತಿ ಹೊರೆ ಇದೆ.

ಇನ್ನೊಂದು ಮಾತು ನಿಮಗೆ ಹೇಳಲೇಬೇಕು. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಈ ಕಾಯಿಲೆಗೆ ದಾರಿಮಾಡುವ 14 ಕಾರಣಗಳನ್ನು ಪಟ್ಟಿ ಮಾಡಿತು. ಅವನ್ನೆಲ್ಲ ಸರಿಪಡಿಸಿದರೆ ಡಿಮೆನ್ಷಿಯಾದಲ್ಲಿ ಶೇ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು. ಬಿಪಿ, ಸಕ್ಕರೆ ಕಾಯಿಲೆ, ಕಿವಿ ಕೇಳಿಸದಿರುವುದು, ಕಣ್ಣು ಮಂಜಾಗುವುದು, ಒಂಟಿತನ ಎಲ್ಲ ಅದರಲ್ಲಿವೆ. ಚಿಕ್ಕಂದಿನಲ್ಲಿ ಓದು ಸಿಗದಿರುವುದೂ ಇದೆ. ಹಾಗಾಗಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ ಮಾತ್ರೆ ತಪ್ಪದೆ ಸಿಗುವುದು, ಹಳ್ಳಿಯ ಮುದುಕರಿಗೆ ಶ್ರವಣ ಸಾಧನ ಸಿಗುವುದು ಎಲ್ಲವೂ ಇದೇ ಯೋಜನೆಯ ಭಾಗ. ನೀವು ಹಳ್ಳಿಯ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದಿರಲ್ಲ, ಅದೂ ಸಹ. ನಿಮಗೆ ಸಂಬಳ ಕೊಟ್ಟದ್ದು ಸರ್ಕಾರ. ಹಾಗಾಗಿ ಇದರಲ್ಲಿ ಸರ್ಕಾರಕ್ಕೇನು ಕೆಲಸ ಎಂದು ಕೇಳಬೇಡಿ.

ಈಗ ನಿಮ್ಮ ಅಣ್ಣನ ವಿಚಾರ. ಮರೆವೆಲ್ಲ ಡಿಮೆನ್ಷಿಯಾ ಅಲ್ಲ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಎಂದೋ ಬಿದ್ದು ತಲೆಯೊಳಗೆ ರಕ್ತ ಕಟ್ಟಿಕೊಂಡಿರುವುದು, ಇವುಗಳಿಂದಲೂ ಹೀಗಾಗುತ್ತದೆ. ಇವಕ್ಕೆ ಚಿಕಿತ್ಸೆ ಇದೆ. ವಯಸ್ಸಾಯಿತು ಎಂದು ಕೈಬಿಡಬೇಡಿ, ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಿದುಳು ಆರೋಗ್ಯ ಕ್ಲಿನಿಕ್ ಯಾವ ದಿನ ಎಂದು ಮೊದಲೇ ವಿಚಾರಿಸಿ. ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಹಿರಿಯ ನಾಗರಿಕರ ಸಹಾಯವಾಣಿ 14567, ಮನಸ್ಸಿಗೆ ಸಂಬಂಧಿಸಿದ್ದಕ್ಕೆ ಟೆಲಿ ಮಾನಸ್ 14416. ಎರಡೂ ನಂಬರ್ ಅತ್ತಿಗೆಯ ಫೋನಿನಲ್ಲಿರಲಿ. ಆಸ್ಪತ್ರೆಗೆ ಅತ್ತಿಗೆಯೇ ಜೊತೆಗೆ ಹೋಗಬೇಕು, ಯಾಕೆಂದರೆ ಯಾವಾಗ ಶುರುವಾಯಿತು, ರಾತ್ರಿ ಏನು ಮಾಡುತ್ತಾರೆ ಎಂದು ಡಾಕ್ಟರು ಕೇಳಿದರೆ ಹೇಳಬಲ್ಲವರು ಅವರೊಬ್ಬರೇ. ಅಲ್ಲೇ ಅವರ ಬಿಪಿಯನ್ನೂ ನೋಡಿಸಿ. ಅವತ್ತು ಮನೆ, ಕೊಟ್ಟಿಗೆ ನೋಡಿಕೊಳ್ಳಲು ಒಬ್ಬರು ಬೇಕಲ್ಲ, ಆ ಕೆಲಸ ನೀವು ವಹಿಸಿಕೊಳ್ಳಿ.

— ಸಂಪಾದಕ