ಜೋಗದ ಫೋಟೊ ಜಾರುವಾಗ ಆ್ಯಪ್ ತಡವರಿಸಿದರೆ

ಸಾಗರ, ಹೊಸನಗರದ ಹೋಂಸ್ಟೇಗಳ ಆ್ಯಪ್, ಪಟ್ಟಿಯ ತಲೆಯಲ್ಲಿ ಜೋಗದ ಫೋಟೊ. ಸ್ಕ್ರೋಲ್ ಮಾಡಿದಾಗ ರಾಜಾ, ರಾಣಿ, ರೋರರ್, ರಾಕೆಟ್ ಒಂದೊಂದೂ ಬೇರೆ ವೇಗದಲ್ಲಿ ಸರಿಯಬೇಕು, ಹಳೆ ಫೋನಿನಲ್ಲಿ ತಡವರಿಸುತ್ತಿದೆ, ಯಾವ ಲೈಬ್ರರಿ ಹಾಕಲಿ ಅಂತ ಕೇಳಿದ್ದೀರಿ. ನನಗಿದು ಚೆನ್ನಾಗಿ ಪರಿಚಯವಿರುವ ತೊಂದರೆ. ಆಂಡ್ರಾಯ್ಡ್ ಆ್ಯಪ್‌ನ ಪರದೆ ಕಟ್ಟುವ ಜೆಟ್‌ಪ್ಯಾಕ್ ಕಂಪೋಸ್‌ನಲ್ಲಿ ಇದಕ್ಕೆ ಯಾವ ಲೈಬ್ರರಿಯೂ ಬೇಡ. ನಾಲ್ಕು ವೇಗವೂ ಬೇಡ, ಒಂದೇ ಸಾಕು.

ಎಡವಟ್ಟು ಇರುವುದು ಎಷ್ಟು ಸ್ಕ್ರೋಲ್ ಆಗಿದೆ ಎಂಬ ಮೌಲ್ಯವನ್ನು ಕೋಡ್‌ನಲ್ಲಿ ನೀವು ಓದುವ ಜಾಗದಲ್ಲಿ. ಕಂಪೋಸ್ ಒಂದು ಫ್ರೇಮನ್ನು ಮೂರು ಹಂತದಲ್ಲಿ ಕಟ್ಟುತ್ತದೆ: ಕಂಪೋಸಿಷನ್ (ಏನು ತೋರಿಸಬೇಕು), ಲೇಔಟ್ (ಎಲ್ಲಿ ಇಡಬೇಕು), ಡ್ರಾಯಿಂಗ್ (ಬಿಡಿಸುವುದು). ಕಂಪೋಸೆಬಲ್, ಅಂದರೆ ಪರದೆಯ ಒಂದು ಭಾಗ ಕಟ್ಟುವ ಫಂಕ್ಷನ್, ಅದರ ಮೈಯಲ್ಲೇ ಆ ಮೌಲ್ಯ ಓದಿ, ಜಾಗ ಸರಿಸುವ ಆಫ್‌ಸೆಟ್ ಮಾಡಿಫೈಯರ್‌ಗೆ ಕೊಟ್ಟರೆ, ಬೆರಳು ಸರಿದಷ್ಟು ಹೊತ್ತೂ ಪ್ರತಿ ಫ್ರೇಮಿಗೆ ಮೂರೂ ಹಂತ ಮೊದಲಿಂದ ನಡೆಯಬೇಕು. 60 ಹರ್ಟ್ಸ್ ಪರದೆಯಲ್ಲಿ ಒಂದು ಫ್ರೇಮಿಗೆ ಸಿಗುವುದು 16.7 ಮಿಲಿಸೆಕೆಂಡ್, 120ರಲ್ಲಿ 8.3. ಹಳೆ ಪ್ರೊಸೆಸರ್‌ಗೆ ಅದು ಸಾಲುವುದಿಲ್ಲ. ಅದೇ ಮೌಲ್ಯವನ್ನು, ಬಿಡಿಸುವ ಹಂತದಲ್ಲಿ ಚಿತ್ರ ಸರಿಸುವ ಗ್ರಾಫಿಕ್ಸ್‌ಲೇಯರ್ ಮಾಡಿಫೈಯರ್‌ನ ಲ್ಯಾಂಬ್ಡಾ (ಅದಕ್ಕೆ ಕೊಡುವ ಪುಟ್ಟ ಕೋಡ್ ತುಂಡು) ಒಳಗೆ ಓದಿ: ಟ್ರಾನ್ಸ್‌ಲೇಷನ್ ವೈ, ಚಿತ್ರ ಕೆಳಗೆ ಸರಿಯುವ ಅಳತೆ, ಅಂದರೆ ಸ್ಕ್ರೋಲ್ ಆದ ಪಿಕ್ಸೆಲ್ ಗುಣಿಸು 0.5. ಆಗ ಚಿತ್ರದ ಮಟ್ಟಿಗೆ ಮೊದಲ ಎರಡು ಹಂತದ ಕೆಲಸವೇ ಉಳಿಯುವುದಿಲ್ಲ. ಶೀರ್ಷಿಕೆ ಮಸುಕಾಗಿಸುವ ಆಲ್ಫಾವನ್ನೂ ಹೀಗೇ ಲ್ಯಾಂಬ್ಡಾ ಒಳಗೇ ಲೆಕ್ಕ ಹಾಕಿ.

0.5 ಇಟ್ಟರೆ ಫೋಟೊದ ಮೇಲ್ಭಾಗ, ಕೆಳಭಾಗ ಸಮವಾಗಿ ಮರೆಯಾಗುತ್ತಾ ಕೊನೆಯವರೆಗೆ ನಡುಭಾಗ ಉಳಿಯುತ್ತದೆ. ನಾಲ್ಕೂ ಕವಲು ನಡುವೆ ಬರುವಂತೆ ಕ್ರಾಪ್ ಮಾಡಿ. ಹೊರಗಿನ ಬಾಕ್ಸ್‌ಗೆ, ಅಂಚು ದಾಟಿದ್ದನ್ನು ಕತ್ತರಿಸುವ ಕ್ಲಿಪ್‌ಟುಬೌಂಡ್ಸ್ ಹಾಕದಿದ್ದರೆ ಜೋಗ ಕೆಳಗಿನ ಹೋಂಸ್ಟೇ ಕಾರ್ಡಿನ ಹಿಂದೆ ಇಣುಕುತ್ತದೆ.

ಕಾಣುವ ಐಟಂಗಳನ್ನಷ್ಟೇ ಕಟ್ಟುವ ಪಟ್ಟಿಯಾದ ಲೇಜಿಕಾಲಂನಲ್ಲಿ ಇನ್ನೊಂದು ತೊಡಕಿದೆ. ಅದು ಕೊಡುವ ಆಫ್‌ಸೆಟ್ ಇಡೀ ಪಟ್ಟಿಯದಲ್ಲ, ಕಾಣುತ್ತಿರುವ ಮೊದಲ ಐಟಂದು. ಫೋಟೊ ಪೂರ್ತಿ ಮೇಲೆ ಹೋದೊಡನೆ ಎಣಿಕೆ ಮತ್ತೆ ಸೊನ್ನೆಗೆ ಬಂದು, ಸ್ಕ್ರೋಲ್ ಆದಂತೆ ಬಣ್ಣ ತುಂಬಿದ್ದ ಟಾಪ್ ಬಾರ್ ಫಕ್ಕನೆ ಪಾರದರ್ಶಕವಾಗುತ್ತದೆ. ಮೊದಲ ಐಟಂನ ಇಂಡೆಕ್ಸ್ ಸೊನ್ನೆಗಿಂತ ಹೆಚ್ಚಿದ್ದರೆ ಪ್ರಗತಿಯನ್ನು, ಅಂದರೆ ಫೋಟೊ ಎಷ್ಟು ಭಾಗ ಮೇಲೆ ಹೋಗಿದೆ ಎಂಬ 0ಯಿಂದ 1ರ ಲೆಕ್ಕವನ್ನು, 1 ಎಂದೇ ಹಿಡಿಯಿರಿ.

ಫೋಟೊ ಗಾತ್ರವನ್ನೂ ನೋಡಿ. 4000×3000 ಚಿತ್ರವನ್ನು ಪಿಕ್ಸೆಲ್‌ಗೆ 4 ಬೈಟ್‌ನಂತೆ ಬಿಚ್ಚಿದರೆ 48 ಎಂಬಿ. 1080×810ಕ್ಕೆ ಇಳಿಸಿದರೆ ಸುಮಾರು 3.5. ಬ್ಲರ್ ಬಿಟ್ಟುಬಿಡಿ, ಕಂಪೋಸ್‌ನ ಬ್ಲರ್ ಆಂಡ್ರಾಯ್ಡ್ 12ಕ್ಕಿಂತ ಹಳೆಯದರಲ್ಲಿ ನಡೆಯುವುದೇ ಇಲ್ಲ.

ಫೋನಿನಲ್ಲಿ ಅನಿಮೇಷನ್ ತೆಗೆದುಹಾಕಿ ಎಂಬ ಸೆಟ್ಟಿಂಗ್ ಇಟ್ಟುಕೊಂಡವರಿಗೆ ಈ ಚಲನೆ ತಾನಾಗಿ ನಿಲ್ಲುವುದಿಲ್ಲ, ಏಕೆಂದರೆ ಇದನ್ನು ನಡೆಸುವುದು ಬೆರಳು, ಅನಿಮೇಟರ್ ಅಲ್ಲ. ತಲೆಸುತ್ತು ಬರುವವರು ಇಡುವ ಸೆಟ್ಟಿಂಗ್ ಅದು, ದಯವಿಟ್ಟು ಕಡೆಗಣಿಸಬೇಡಿ. ಆ ಸೆಟ್ಟಿಂಗ್ ಸೊನ್ನೆ ಮಾಡುವ ಅನಿಮೇಟರ್ ಡ್ಯುರೇಷನ್ ಸ್ಕೇಲ್ ಓದಿ, ಸೊನ್ನೆ ಇದ್ದರೆ 0.5 ಇದ್ದಲ್ಲಿ 0 ಹಾಕಿ. ಇಷ್ಟಾದ ಮೇಲೆ ವೇಗ ಅಳೆಯುವುದಾದರೆ, ಬಳಕೆದಾರರಿಗೆ ಕೊಡುವ ರಿಲೀಸ್ ಬಿಲ್ಡ್‌ನಲ್ಲೇ ಅಳೆಯಿರಿ. ದೋಷ ಹುಡುಕಲು ಬಳಸುವ ಡೀಬಗ್ ಬಿಲ್ಡ್‌ನಲ್ಲಿ ಕಂಪೋಸ್ ಯಾವಾಗಲೂ ನಿಧಾನ.