ಇಂಕ್ ತುಂಬಿದ ಮೇಲೂ ಬಿಳಿ ಗೆರೆ ಬಂದರೆ

ನಮಸ್ಕಾರ. ಸೋಮವಾರಪೇಟೆಯ ಮನೆಯಲ್ಲೇ ಸಿರಿಂಜಿನಿಂದ ಪ್ರಿಂಟರಿನ ಕಾರ್ಟ್ರಿಜ್‌ಗೆ ಕಪ್ಪು ಇಂಕ್ ತುಂಬಿದ್ದೀರಿ, ಆದರೂ ಅಕ್ಷರಗಳ ನಡುವೆ ಬಿಳಿ ಗೆರೆ ಬರುತ್ತಿದೆ, ಕಾರ್ಟ್ರಿಜ್ ಎಸೆಯಬೇಕೇ ಎಂದು ಕೇಳಿದ್ದೀರಿ. ಈಗಲೇ ಎಸೆಯಬೇಡಿ. ಮಡಿಕೇರಿಯಲ್ಲಿ ಕುಳಿತು ನಾನೂ ಇದೇ ಫಜೀತಿ ಪಟ್ಟವನು.

ಬಹುಶಃ ಅವಸರದಲ್ಲಿ ತುಂಬಿದ್ದೀರಿ. ಒಳಗಿರುವುದು ಸ್ಪಂಜು, ಸಿರಿಂಜನ್ನು ಒಮ್ಮೆಲೇ ಒತ್ತಿದರೆ ಗಾಳಿ ಸಿಕ್ಕಿಕೊಂಡು ಇಂಕ್ ತಳಕ್ಕೆ ಇಳಿಯುವುದಿಲ್ಲ. ಟಿಶ್ಯೂ ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಉಗುರುಬೆಚ್ಚಗಿನ ನೀರಿನಲ್ಲಿ ತೇವ ಮಾಡಿ, ಇಂಕ್ ಹೊರಬರುವ ತಳವನ್ನು ಅದರ ಮೇಲೆ ಎರಡು ನಿಮಿಷ ಊರಿಡಿ. ಎತ್ತಿದಾಗ ದಟ್ಟವಾದ ಕಪ್ಪು ಪಟ್ಟಿ ಬಿದ್ದಿದ್ದರೆ ದಾರಿ ತೆರೆದಿದೆ. ಪಟ್ಟಿ ಅಲ್ಲಲ್ಲಿ ತುಂಡಾಗಿದ್ದರೆ ಇನ್ನೊಮ್ಮೆ ಇಡಿ. ಕಾರ್ಟ್ರಿಜ್ ಮೇಲಿನ ಹೊಳೆಯುವ ಲೋಹದ ಚುಕ್ಕೆಗಳಿಗೆ ಇಂಕ್ ತಾಗಿದ್ದರೆ ಎಳೆ ಬಿಡದ ಬಟ್ಟೆಯಿಂದ ಒರೆಸಿ. ಆಮೇಲೆ ಪ್ರಿಂಟರಿನಲ್ಲೇ ಇರುವ ಕ್ಲೀನಿಂಗ್ ಆಯ್ಕೆಯನ್ನು ಒಂದು ಸಲ ನಡೆಸಿದರೆ ಸಾಕು. ಅದು ಇಂಕನ್ನು ಗಟಗಟನೆ ಕುಡಿಯುತ್ತದೆ.

ಇಂಕ್ ಮುಗಿದ ಮೇಲೂ ಮುದ್ರಿಸುತ್ತಲೇ ಇದ್ದಿರಾ? ನಿಮ್ಮದು ಹೆಡ್, ಅಂದರೆ ಸೂಕ್ಷ್ಮ ತೂತುಗಳಿಂದ ಇಂಕ್ ಚಿಮ್ಮಿಸುವ ಭಾಗ, ಕಾರ್ಟ್ರಿಜ್‌ನಲ್ಲೇ ಇರುವ ಬಗೆಯದಾದರೆ, ಆ ತೂತುಗಳ ಬಳಿ ಪುಟ್ಟ ಹೀಟರ್‌ಗಳಿರುತ್ತವೆ. ಇಂಕಿಲ್ಲದೆ ಕಾದರೆ ಅವು ಸುಟ್ಟುಹೋಗಬಹುದು. ಆಗ ಹೊಸದೇ ಗತಿ. ಪರದೆಯಲ್ಲಿ 'ಇಂಕ್ ಖಾಲಿ' ಎಂದು ಬಂದರೆ ಗಾಬರಿಯಾಗಬೇಡಿ. ನೀವು ತುಂಬಿದ ಸಂಗತಿ ಅದಕ್ಕೆ ತಿಳಿಯದು, ಹಳೆಯ ಲೆಕ್ಕವನ್ನೇ ಹೇಳುತ್ತದೆ.

ಇನ್ನು ಅಕ್ಷರದ ಅಂಚು ಹರಡುತ್ತಿದ್ದರೆ ತಪ್ಪು ಇಂಕಿನದಲ್ಲದಿರಬಹುದು. ಕಕ್ಕಡದ, ಅಂದರೆ ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳ ಮಳೆಯಲ್ಲಿ ನಮ್ಮ ಕಾಗದ ಹಸಿ ಹಪ್ಪಳದಂತೆ ಜೋತು ಬೀಳುತ್ತದಲ್ಲ! ನಾನು ಕಾಗದದ ಕಟ್ಟನ್ನು ಗಟ್ಟಿ ಮುಚ್ಚಳದ ಹಳೆಯ ಅಕ್ಕಿ ಡಬ್ಬಿಯಲ್ಲಿ ಇಡುತ್ತೇನೆ. ಮನೆಯವರ ಗೊಣಗಾಟ ಇದ್ದೇ ಇದೆ.